ಕಾರಿನ ದಾಖಲೆ ಇಡುವ ಹೊಲಿದ ಗವಸು: ಹೆಸರು, ಕಿಸೆ, ಖಾನೆ ಮತ್ತು ‘ತಿರುಗಿಸು’

ಕಾರಿನ ನೋಂದಣಿ ಪತ್ರ, ವಿಮಾ ಪತ್ರ, ಚಾಲನಾ ಪರವಾನಗಿ, ಸರ್ವಿಸ್ ಪುಸ್ತಕ ಮುಂತಾದವನ್ನು ಒಂದೇ ಕಡೆ ಇಟ್ಟುಕೊಳ್ಳಲು ಬಟ್ಟೆಯಲ್ಲಿ ಹೊಲಿದುಕೊಳ್ಳುವ, ನಡುವೆ ಮಡಚಿಕೊಳ್ಳುವ, ಒಳಗೆ ಬೇರೆ ಬೇರೆ ಭಾಗಗಳಿರುವ ವಸ್ತುವಿಗೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ಇಲ್ಲಿಯ ಮೊದಲ ಪ್ರಶ್ನೆ. ಅದನ್ನು ಹೊಲಿಯುವ ಕ್ರಮವನ್ನು ಬರವಣಿಗೆಯಲ್ಲಿ ವಿವರಿಸುವಾಗ ಯಾವ ಮಾತುಗಳನ್ನು ಬಳಸಿದರೆ ಓದುವವರ ಕೈ ತಪ್ಪುವುದಿಲ್ಲ ಎಂಬುದು ಎರಡನೆಯ ಪ್ರಶ್ನೆ. ನನ್ನ ಮಟ್ಟಿಗೆ ಇದೇ ಹೆಚ್ಚು ತೂಕದ್ದು. ಎದುರಿಗೆ ಕುಳಿತು ಕಲಿಸುವವರಿಗೆ ‘ಹೀಗೆ ಹಿಡಿ, ಹಾಗೆ ಮಡಿಸು’ ಎಂದರೆ ಸಾಕು. ಬರೆದು ಕಲಿಸುವವರಿಗೆ ಆ ಅನುಕೂಲವಿಲ್ಲ, ಕೈಯ ಕೆಲಸವನ್ನೆಲ್ಲ ಪದವೇ ಮಾಡಬೇಕಾಗುತ್ತದೆ.

ಹೆಸರಿನಿಂದಲೇ ಆರಂಭಿಸುತ್ತೇನೆ. ಇಂಥ ವಸ್ತುವಿಗೆ ಇಂಗ್ಲಿಷಿನಲ್ಲಿ ಹೇಳುವ ‘ಆರ್ಗನೈಸರ್’ ಎಂಬುದನ್ನು ಕೆಲವರು ನಿಘಂಟು ನೋಡಿ ‘ಸಂಘಟಕ’ ಎಂದು ಬರೆಯುವುದುಂಟು. ಸಂಘಟಕರು ಎಂದರೆ ಸಭೆ ಸಮಾರಂಭ ನಡೆಸುವವರು. ಅವರನ್ನು ಕಾರಿನ ಡ್ಯಾಶ್‌ಬೋರ್ಡಿನೊಳಗೆ ಮಡಚಿಡುವುದು ಸಾಧ್ಯವಿಲ್ಲವಾದ್ದರಿಂದ ಈ ಪದವನ್ನು ಇಲ್ಲಿಗೇ ಬಿಡಬಹುದು. ‘ಚೀಲ’ ಎಲ್ಲರಿಗೂ ಗೊತ್ತಿರುವ ಮಾತು, ಆದರೆ ಚೀಲ ಎಂದೊಡನೆ ಮೇಲೊಂದು ಬಾಯಿ, ಕೆಳಗೊಂದು ತಳ, ನಡುವೆ ತುಂಬುವಷ್ಟು ಜಾಗ ಮನಸ್ಸಿಗೆ ಬರುತ್ತದೆ. ನಾವು ಹೊಲಿಯುತ್ತಿರುವುದು ಚಪ್ಪಟೆಯಾದ, ಪುಸ್ತಕದ ರಟ್ಟಿನಂತೆ ತೆರೆದುಕೊಳ್ಳುವ ವಸ್ತು. ‘ಹಸಿಬೆ’ ಎಂಬ ಹಳೆಯ ಮಾತು ರೂಪದ ದೃಷ್ಟಿಯಿಂದ ಇದಕ್ಕಿಂತ ಹತ್ತಿರದ್ದು: ನಡುವೆ ಬಾಯಿ, ಎರಡು ಕಡೆಗೂ ಎರಡು ಚೀಲ, ಹೆಗಲ ಮೇಲೆ ಹಾಕಿಕೊಂಡರೆ ಹಿಂದೊಂದು ಮುಂದೊಂದು. ಆದರೆ ಅದನ್ನು ಕಂಡವರು ಕಡಿಮೆಯಾಗಿದ್ದಾರೆ, ಕೇಳಿದವರಿಗೂ ಅದು ಹೊರೆ ಹೊರುವ ಸಾಧನವೆಂದೇ ನೆನಪು. ಹೆಸರಿನ ಅರ್ಥವನ್ನು ವಿವರಿಸಲು ಒಂದು ಪ್ಯಾರಾ ಬೇಕಾದರೆ ಆ ಹೆಸರಿನಿಂದ ಪ್ರಯೋಜನವಿಲ್ಲ.

‘ಕಡತ’ದ ವಿಷಯ ಸ್ವಲ್ಪ ಬೇರೆ. ಇಂದು ಕಡತವೆಂದರೆ ಕಚೇರಿಯ ಫೈಲು. ಮೊದಲು ಅದು ಬಟ್ಟೆಯದೇ ಆಗಿತ್ತು: ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ ಕಪ್ಪು ಹಲಗೆಯಂತೆ ಮಾಡಿ, ಹಿಂದೆ ಮುಂದೆ ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆದಿಡುತ್ತಿದ್ದರು. ಅಂದರೆ ಬಟ್ಟೆ, ಮಡಿಕೆ, ದಾಖಲೆ ಈ ಮೂರೂ ಆ ಒಂದು ಪದದಲ್ಲಿ ಆಗಲೇ ಸೇರಿಕೊಂಡಿವೆ. ಅಷ್ಟು ಹೊಂದುವ ಪದವನ್ನು ಬಿಟ್ಟುಕೊಡಲು ಮನಸ್ಸು ಹಿಂಜರಿಯುತ್ತದೆ. ಆದರೂ ಬಿಡಲೇಬೇಕು ಎಂದು ನನ್ನ ಅಭಿಪ್ರಾಯ. ಆಗಿನ ಕಡತದಲ್ಲಿ ಬಟ್ಟೆಯೇ ದಾಖಲೆ, ಬರೆಯುತ್ತಿದ್ದುದು ಅದರ ಮೇಲೆಯೇ. ಇಲ್ಲಿ ಬಟ್ಟೆ ಕೇವಲ ಹೊದಿಕೆ. ಅಲ್ಲದೆ ‘ಕಡತ ಹೊಲಿಯುವ ಬಗೆ’ ಎಂಬ ತಲೆಬರಹವನ್ನು ಓದಿದವರು ಹಳೆಯ ಫೈಲುಗಳಿಗೆ ದಾರ ಹಾಕಿ ಕಟ್ಟುವ ವಿಷಯವೆಂದು ತಿಳಿದರೆ ಅವರದು ತಪ್ಪೆನ್ನಲಾಗದು.

ಉಳಿಯುವುದು ‘ಗವಸು’. ದಿಂಬಿನ ಗವಸು, ಕೈಗವಸು, ಮುಖಗವಸು ಎಲ್ಲವೂ ಬಳಕೆಯಲ್ಲಿರುವುದರಿಂದ ಗವಸು ಎಂದರೆ ತಾನು ಮುಚ್ಚುವ ವಸ್ತುವಿನ ಅಳತೆಗೆ ಹೊಂದಿಸಿ ಹೊಲಿದ ಹೊದಿಕೆ ಎಂಬ ಅರ್ಥ ಓದುವವರಿಗೆ ವಿವರಣೆಯಿಲ್ಲದೆ ಬರುತ್ತದೆ, ನಮಗೆ ಬೇಕಾದದ್ದೂ ಅದೇ. ಇನ್ನು ಇದರ ಹಿಂದೆ ಯಾವ ಪದ ಸೇರಬೇಕು? ‘ಕಾಗದದ ಗವಸು’ ಎಂದರೆ ಕಾಗದದಿಂದ ಮಾಡಿದ ಗವಸು ಎಂದೂ ಆಗುತ್ತದೆ, ಕಾಗದದ ದೋಣಿ ಎನ್ನುವ ಹಾಗೆ. ನಮ್ಮ ಷಷ್ಠಿ ವಿಭಕ್ತಿ ‘ಯಾವುದರಿಂದ ಮಾಡಿದ್ದು’ ಎಂಬುದಕ್ಕೂ ‘ಯಾವುದನ್ನು ಇಡುವುದು’ ಎಂಬುದಕ್ಕೂ ಒಂದೇ ರೂಪ ಕೊಡುತ್ತದೆ. ಮರದ ಪೆಟ್ಟಿಗೆ ಮರದಿಂದ ಆದದ್ದು, ಒಡವೆಯ ಪೆಟ್ಟಿಗೆ ಒಡವೆ ಇಡುವುದಕ್ಕೆ. ಇದು ಕೇಳುವವರಿಗೆ ಗೊಂದಲವಾಗದಿರುವುದು ಒಡವೆಯಿಂದ ಯಾರೂ ಪೆಟ್ಟಿಗೆ ಮಾಡುವುದಿಲ್ಲ ಎಂಬ ಲೋಕಜ್ಞಾನದಿಂದಲೇ ಹೊರತು ವ್ಯಾಕರಣದಿಂದಲ್ಲ. ಅದೇ ನ್ಯಾಯದಿಂದ ‘ದಾಖಲೆಗವಸು’ ಎಂದರೆ ಸಂಶಯಕ್ಕೆ ಎಡೆಯಿಲ್ಲ, ದಾಖಲೆಯಿಂದ ಗವಸು ಹೊಲಿಯುವವರಿಲ್ಲ. ಮುಂದೆ ಈ ಬರಹದಲ್ಲಿ ಆ ಪದವನ್ನೇ ಬಳಸುತ್ತೇನೆ.

ಗವಸಿಗೆ ಒಂದೇ ಒಳಭಾಗ, ದಾಖಲೆಗಳಿಗೆ ಹಲವು ಭಾಗ ಬೇಕು ಎಂಬ ಆಕ್ಷೇಪಣೆ ಬರಬಹುದು. ಅದಕ್ಕೆ ಉತ್ತರ ಒಳಗಿನ ಭಾಗಗಳ ಹೆಸರಿನಲ್ಲಿದೆ. ‘ಜೇಬು’ ಮತ್ತು ‘ಕಿಸೆ’ ಎರಡೂ ಬಳಕೆಯಲ್ಲಿವೆ, ಎರಡೂ ಹೊರಗಿನಿಂದ ಬಂದವು. ಜೇಬಿನ ಮೂಲವಾದ ಅರಬ್ಬಿ ಪದಕ್ಕೆ ಉಡುಪಿನ ಎದೆಯ ಬಳಿಯ ತೆರಪು ಎಂಬ ಅರ್ಥವಿದೆ, ಕಿಸೆಯ ಮೂಲಕ್ಕೆ ಸಣ್ಣ ಚೀಲ ಎಂಬ ಅರ್ಥವಿದೆ. ಮೂಲವನ್ನೇ ಹಿಡಿದು ಇಂದಿನ ಬಳಕೆಯನ್ನು ತೀರ್ಮಾನಿಸಬಾರದು. ಆದರೂ ಮೈಮೇಲೆ ತೊಡದ ವಸ್ತುವಿಗೆ ಕಿಸೆ ಎಂಬುದು ನನ್ನ ಕಿವಿಗೆ ಹೆಚ್ಚು ಹೊಂದುತ್ತದೆ. ಇದು ರುಚಿಯ ಮಾತು, ಹಟವಿಲ್ಲ. ಹಟ ಇರುವುದು ಇನ್ನೊಂದರಲ್ಲಿ: ಬಟ್ಟೆಯ ತುಂಡೊಂದನ್ನು ಸೇರಿಸಿ ಹೊಲಿದದ್ದು ಬೇರೆ, ಸೇರಿಸಿದ ಆ ತುಂಡನ್ನು ನಡುವೆ ಹೊಲಿಗೆ ಹಾಕಿ ಭಾಗ ಮಾಡಿದ್ದು ಬೇರೆ, ಇವೆರಡಕ್ಕೂ ಒಂದೇ ಪದ ಬಳಸಬಾರದು.

ಅಳತೆ ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಒಮ್ಮೆ ಮಡಚಿದರೆ ಸುಮಾರು 148ಕ್ಕೆ 210. ಅದು ಸಲೀಸಾಗಿ ಕೂರಲು ಮುಚ್ಚಿದ ಗವಸು 17 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಎತ್ತರ ಇರಲಿ, ಅಂದರೆ ತೆರೆದಾಗ 34ಕ್ಕೆ 24. ಹೊಲಿಗೆಗೆಂದು ಸುತ್ತಲೂ ಒಂದೊಂದು ಸೆಂಟಿಮೀಟರ್ ಸೇರಿಸಿ ಹೊರಬಟ್ಟೆಯನ್ನೂ ಒಳಪದರವಾದ ಅಸ್ತರನ್ನೂ 36ಕ್ಕೆ 26 ಕತ್ತರಿಸಬೇಕು. ಒಳಗಿನ ದೊಡ್ಡ ಕಿಸೆಗೆ 36ಕ್ಕೆ 36ರ ಚೌಕವನ್ನು ಮಡಚಿ, ಮಡಿಕೆಯ ಅಂಚು ಮೇಲೆ ಬರುವಂತೆ ಅಸ್ತರಿನ ಕೆಳಭಾಗಕ್ಕೆ ಹೊಂದಿಸಿ, ಗವಸು ಮಡಚಿಕೊಳ್ಳುವ ನಡುಗೆರೆಯ ಮೇಲೆ ಒಂದು ಹೊಲಿಗೆ ಹಾಕಿದರೆ ಅದು ಎಡ ಬಲ ಎಂದು ಎರಡಾಗುತ್ತದೆ. ಆ ಕಿಸೆಯನ್ನು ಅಸ್ತರಿಗೆ ಸೇರಿಸುವ ಮೊದಲೇ ಅದರ ಎಡಭಾಗದ ಮೇಲೆ ಪರವಾನಗಿಗೆಂದು ಚಿಕ್ಕ ಕಿಸೆಯೊಂದನ್ನು ಹೊಲಿದಿರಬೇಕು. ಕಾರ್ಡಿನ ಅಳತೆ 85.6ಕ್ಕೆ 54 ಮಿಲಿಮೀಟರ್ ಆದ್ದರಿಂದ 10 ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಆಳವಿದ್ದರೆ ಕಾರ್ಡಿನ ತಲೆ ಹಿಡಿದೆಳೆಯುವಷ್ಟು ಹೊರಗಿರುತ್ತದೆ. ಹೀಗೆ ಹೊಲಿದ ಗವಸಿನಲ್ಲಿ ಕಿಸೆ ಎರಡು, ದಾಖಲೆ ಇಡುವ ಭಾಗ ಮೂರು. ‘ಮೂರು ಕಿಸೆ’ ಎಂದು ಬರೆದರೆ ಓದುವವರು ಮೂರು ತುಂಡು ಬಟ್ಟೆ ಕತ್ತರಿಸುತ್ತಾರೆ.

ಈ ಭಾಗಗಳಿಗೆ ಮೊದಲು ನೆನಪಾಗುವುದು ‘ಅರೆ’, ಮೇಜಿನ ಅರೆ ಎನ್ನುವಲ್ಲಿಯ ಅರೆ. ಚೆಲುವಾದ ಪದ, ಆದರೆ ಹೊಲಿಗೆಯ ಸೂಚನೆಯಲ್ಲಿ ಅಪಾಯಕಾರಿ. ‘ಎಡ ಅರೆಯನ್ನು ಮಡಿಸಿ’ ಎಂದರೆ ಎಡಗಡೆಯ ಖಾನೆಯೋ ಬಟ್ಟೆಯ ಎಡ ಅರ್ಧವೋ ತಿಳಿಯದು. ‘ಗೂಡು’ ಗಟ್ಟಿ ಗೋಡೆಯ ನೆನಪು ತರುತ್ತದೆ. ‘ಖಾನೆ’ ಪಾರಸಿಯಿಂದ ಬಂದದ್ದಾದರೂ ಪೆಟ್ಟಿಗೆ, ಕಪಾಟುಗಳ ಒಳಭಾಗಕ್ಕೆ ನೆಲೆಗೊಂಡ ಮಾತು. ಇಲ್ಲಿ ಬೇರೆ ಯಾವ ಅರ್ಥದೊಂದಿಗೂ ಡಿಕ್ಕಿ ಹೊಡೆಯುವುದಿಲ್ಲ. ಆದ್ದರಿಂದ ಇದು ಎರಡು ಕಿಸೆಯ, ಮೂರು ಖಾನೆಯ ದಾಖಲೆಗವಸು.

ಇನ್ನು ಕ್ರಿಯಾಪದಕ್ಕೆ ಬರುತ್ತೇನೆ. ಹೊಲಿಗೆಯ ವಿವರಣೆಗಳಲ್ಲಿ ‘ಬಟ್ಟೆಯನ್ನು ತಿರುಗಿಸಿ’ ಎಂಬ ಸೂಚನೆ ಮತ್ತೆ ಮತ್ತೆ ಬರುತ್ತದೆ, ಮತ್ತು ಅದು ಮೂರು ಬೇರೆ ಕೆಲಸಗಳಿಗೆ ಬಳಕೆಯಾಗುತ್ತಿದೆ. ಮೊದಲನೆಯದು, ಸೂಜಿಯನ್ನು ಮೂಲೆಯಲ್ಲಿ ಬಟ್ಟೆಯೊಳಗೇ ಇಳಿಸಿಟ್ಟು, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಒತ್ತುಪಾದವನ್ನು ಎತ್ತಿ, ಬಟ್ಟೆಯನ್ನು ಕಾಲು ಸುತ್ತು ಹೊರಳಿಸಿ ಮುಂದಿನ ಬದಿಯನ್ನು ಹೊಲಿಯುವುದು. ಎರಡನೆಯದು, ಮೇಲಿದ್ದ ಮಗ್ಗುಲು ಕೆಳಗಾಗುವಂತೆ ಬಟ್ಟೆಯನ್ನು ಕವುಚಿ ಹಾಕುವುದು. ಮೂರನೆಯದು, ಸುತ್ತಲೂ ಹೊಲಿದ ಮೇಲೆ ಬಿಟ್ಟಿರುವ ಬಾಯಿಯೊಳಗೆ ಕೈಬೆರಳು ತೂರಿಸಿ ಒಳಗಿನದನ್ನು ಹೊರಗೆ ಎಳೆದುಕೊಳ್ಳುವುದು. ಒಂದರ ಬದಲು ಇನ್ನೊಂದನ್ನು ಮಾಡಿದರೆ ಹೊಲಿಗೆ ಬಿಚ್ಚುವುದೊಂದೇ ದಾರಿ. ಕನ್ನಡದಲ್ಲಿ ಇವಕ್ಕೆ ಬೇರೆ ಬೇರೆ ಮಾತುಗಳಿಲ್ಲವೆಂದಲ್ಲ. ಮೊದಲನೆಯದಕ್ಕೆ ‘ತಿರುಗಿಸು’, ಎರಡನೆಯದಕ್ಕೆ ‘ಮಗುಚು’, ಮೂರನೆಯದಕ್ಕೆ ‘ಒಳಹೊರಗು ಮಾಡು’ ಎಂದು ನಿಗದಿ ಮಾಡಿಕೊಂಡು ಬರಹದುದ್ದಕ್ಕೂ ಅದನ್ನೇ ಪಾಲಿಸಿದರೆ ಯಾವ ಹೊಸ ಪದವನ್ನೂ ಸೃಷ್ಟಿಸಬೇಕಾಗಿಲ್ಲ. ಮೂರನೆಯದಕ್ಕೆ ಆಡುಮಾತಿನಲ್ಲಿ ‘ಉಲ್ಟಾ ಮಾಡು’ ಎನ್ನುವುದುಂಟು, ಆದರೆ ಈ ಹಂತದಲ್ಲಿ ಉಲ್ಟಾ ಇದ್ದದ್ದು ಸರಿಯಾಗುತ್ತಿದೆ. ಪದ ಹೇಳುವುದು ಅದರ ವಿರುದ್ಧವನ್ನು.

ಬಟ್ಟೆಯ ಎರಡು ಮಗ್ಗುಲುಗಳ ಹೆಸರಿನಲ್ಲಿಯೂ ಇದೇ ತೊಡಕು. ‘ಹೊರಮೈ’, ‘ಒಳಮೈ’ ಎಂದು ಬರೆದರೆ ಹೊಲಿಯುವ ಹೊತ್ತಿಗೆ ಹೊರಮೈ ಒಳಗಿರುತ್ತದೆ, ಒಳಮೈ ಹೊರಗೆ ಕಾಣುತ್ತಿರುತ್ತದೆ. ಅಸ್ತರಿಗಂತೂ ಮುಗಿದ ಮೇಲೆ ಕಾಣುವ ಮಗ್ಗುಲೇ ಗವಸಿನ ಒಳಗಿರುವುದು. ‘ಹಿಮ್ಮೈ’ ಒಳ್ಳೆಯ ಪದ, ಅದಕ್ಕೆ ಜೊತೆಯಾಗಿ ‘ಮುಮ್ಮೈ’ ಎಂದರೆ ಓದುವವರು ಅಚ್ಚಿನ ತಪ್ಪಿನಿಂದ ನಗರವೊಂದರ ಹೆಸರು ಕೆಟ್ಟಿದೆ ಎಂದುಕೊಳ್ಳುತ್ತಾರೆ. ನನಗೆ ಅತ್ಯಂತ ಸಹಜವಾಗಿ ತೋರುವುದು ಬಟ್ಟೆಯ ‘ಮುಖ’ ಮತ್ತು ‘ಬೆನ್ನು’. ‘ಹೊರಬಟ್ಟೆಯನ್ನೂ ಅಸ್ತರನ್ನೂ ಮುಖಕ್ಕೆ ಮುಖ ಸೇರಿಸಿ ಇಟ್ಟು, ಮೇಲಂಚಿನಲ್ಲಿ ಹತ್ತು ಸೆಂಟಿಮೀಟರ್ ಬಾಯಿ ಬಿಟ್ಟು, ಉಳಿದ ಸುತ್ತನ್ನು ಹೊಲಿಯಿರಿ’ ಎಂಬ ವಾಕ್ಯವನ್ನು ಹೊಲಿಗೆ ಗೊತ್ತಿಲ್ಲದವರೂ ಒಂದೇ ಓದಿಗೆ ಗ್ರಹಿಸುತ್ತಾರೆ, ಮತ್ತು ಗವಸನ್ನು ಎಷ್ಟು ಸಲ ಒಳಹೊರಗು ಮಾಡಿದರೂ ಮುಖ ಮುಖವಾಗಿಯೇ ಉಳಿಯುತ್ತದೆ.

‘ಅಸ್ತರು’ ಪದವನ್ನು ಮೇಲೆ ಸಮರ್ಥನೆಯಿಲ್ಲದೆ ಬಳಸಿದ್ದೇನೆ. ದರ್ಜಿಗಳಲ್ಲಿ ‘ಲೈನಿಂಗ್’ ಹೆಚ್ಚು ಕೇಳಿಬಂದರೂ ಇದು ಸತ್ತ ಪದವಲ್ಲ. ಇದರ ಬದಲು ‘ಒಳಬಟ್ಟೆ’ ಎಂದರೆ ಉಡುಪಿನ ಒಳಗೆ ತೊಡುವ ಬಟ್ಟೆಯ ಅರ್ಥವೂ, ಹೊಲಿಗೆಯ ಆಚೆ ಬಿಟ್ಟಿರುವ ಬಟ್ಟೆಯ ಅರ್ಥವೂ ಬಂದು ಸೇರುತ್ತವೆ. ಹೊರಬಟ್ಟೆ ಗಡುಸಾಗಿ ನಿಲ್ಲಲೆಂದು ಅದರ ಹಿಂದೆ ಅಂಟಿಸುವ ಬಕ್ರಮ್ ಬಕ್ರಮ್ ಆಗಿಯೇ ಇರಲಿ. ಅದನ್ನು ‘ಕ್ಯಾನ್ವಾಸ್’ ಎನ್ನುವವರಿದ್ದಾರೆ, ಆಗ ಚೀಲ ಹೊಲಿಯುವ ದಪ್ಪ ಬಟ್ಟೆಯೊಂದಿಗೆ ಗೊಂದಲವಾಗುತ್ತದೆ. ಅಂದಹಾಗೆ, ಬಕ್ರಮ್ಮಿಗೆ ಹೊಲಿಗೆಯ ಅಂಚು ಸೇರಿಸದೆ 34ಕ್ಕೆ 24ರ ಒಳಗೇ ಕತ್ತರಿಸಿ, ನಡುಗೆರೆಯಲ್ಲಿ ಅರ್ಧ ಸೆಂಟಿಮೀಟರ್ ಬಿಟ್ಟು ಎರಡು ತುಂಡಾಗಿ ಹೊರಬಟ್ಟೆಯ ಬೆನ್ನಿಗೆ ಅಂಟಿಸಬೇಕು. ಇಲ್ಲವಾದರೆ ಅಂಚು ದಪ್ಪವಾಗಿ ಗವಸು ಮಡಚಿಕೊಳ್ಳಲು ಒಪ್ಪುವುದಿಲ್ಲ. ಇಷ್ಟು ಪದರಕ್ಕೆ 90 ಅಥವಾ 100ನೇ ಸಂಖ್ಯೆಯ ಸೂಜಿ ಬೇಕು, ಆ ಸಂಖ್ಯೆ ಸೂಜಿಯ ದಪ್ಪವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ.

ಕಿಸೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಕಬಹುದೇ ಎಂದು ಕೇಳುವವರಿರುತ್ತಾರೆ. ಬಿಸಿಲಿಗೆ ನಿಂತ ಕಾರಿನೊಳಗೆ ಮೆತ್ತನೆಯ ಪಿವಿಸಿ ಹಾಳೆಗೆ ಮುದ್ರಿತ ಅಕ್ಷರಗಳು ಅಂಟಿಕೊಂಡು ಎದ್ದು ಬರುವುದುಂಟು. ಬಟ್ಟೆಯ ಕಿಸೆಯನ್ನೇ ಬಳಸುವುದಕ್ಕೆ ಅದೂ ಒಂದು ಕಾರಣ.

ಮೂಲೆಗಳಲ್ಲಿ ಹೊಲಿಗೆಯ ಹತ್ತಿರದವರೆಗೆ ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ತೆಗೆಯುವುದಕ್ಕೆ ‘ಮೂಲೆ ಸವರು’ ಎಂದೂ, ಗುರುತಿಗಾಗಿ ಅಂಚಿಗೆ ಕತ್ತರಿಯ ತುದಿ ತಾಗಿಸುವುದಕ್ಕೆ ‘ಕಚ್ಚು ಹಾಕು’ ಎಂದೂ ಬೇರೆ ಮಾಡಿ ಬರೆಯುವುದು ಒಳ್ಳೆಯದು. ಗವಸನ್ನು ಒಳಹೊರಗು ಮಾಡಿ, ಇಸ್ತ್ರಿ ಹಾಕಿದ ನಂತರ ಬಾಯಿಯನ್ನು ಮುಚ್ಚುತ್ತ ಸುತ್ತಲೂ ಅಂಚಿನ ಪಕ್ಕದಲ್ಲಿ ಹಾಕುವ ಕೊನೆಯ ಹೊಲಿಗೆಗೆ ‘ಮೇಲ್ಹೊಲಿಗೆ’ ಸಾಕೆನಿಸುತ್ತದೆ. ಒಳಹೊಲಿಗೆಗೆ ಎರಡೂವರೆ ಮಿಲಿಮೀಟರ್ ಉದ್ದದ ಟಾಕು, ಅಂದರೆ ಸೂಜಿಯ ಒಂದು ಕುತ್ತಿನಿಂದ ಇನ್ನೊಂದಕ್ಕಿರುವ ಹೊಲಿಗೆ, ಇದ್ದರೆ ಇದಕ್ಕೆ ಮೂರು, ಮೂರೂವರೆ ಇರಬೇಕು, ಪದರ ದಪ್ಪವಾದಷ್ಟೂ ಗಿಡ್ಡ ಟಾಕು ಮುದುಡಿದಂತೆ ಕಾಣುತ್ತದೆ.

ಮುಚ್ಚಳದ ಪಟ್ಟಿಗೆ ವೆಲ್ಕ್ರೊ ಹಾಕುವುದಾದರೆ ಅದರ ಹೆಸರೂ ಚರ್ಚೆಗೆ ಯೋಗ್ಯವೇ. ‘ಅಂಟುಪಟ್ಟಿ’ ಎಂದು ಬರೆದದ್ದನ್ನು ಕಂಡಿದ್ದೇನೆ, ಅದು ಸೆಲ್ಲೊಟೇಪಿನ ಹೆಸರಾಗಿಬಿಟ್ಟಿದೆ. ಅದೂ ಅಲ್ಲದೆ ವೆಲ್ಕ್ರೊದಲ್ಲಿ ಹಿಡಿತಕ್ಕೆ ಅಂಟು ಕಾರಣವಲ್ಲ. ಒಂದು ಪಟ್ಟಿಯ ಸಣ್ಣ ಕೊಕ್ಕೆಗಳು ಇನ್ನೊಂದು ಪಟ್ಟಿಯ ಎಳೆಗಳ ಕುಣಿಕೆಗಳಿಗೆ ಸಿಕ್ಕಿಕೊಳ್ಳುತ್ತವೆ. ಸ್ವಿಸ್ ಎಂಜಿನಿಯರ್ ಜಾರ್ಜ್ ದ ಮೆಸ್ಟ್ರಾಲ್ ತಮ್ಮ ಬಟ್ಟೆಗೂ ನಾಯಿಯ ಕೂದಲಿಗೂ ಅಂಟಿಕೊಂಡ ಮುಳ್ಳುಕಾಯಿಗಳನ್ನು ಪರೀಕ್ಷಿಸಿ ಇದನ್ನು ರೂಪಿಸಿದರು. ವೆಲ್ಕ್ರೊ ಎಂಬ ಹೆಸರಿನಲ್ಲಿ ಮಖಮಲ್ಲು ಮತ್ತು ಕೊಕ್ಕೆ ಎಂಬರ್ಥದ ಎರಡು ಫ್ರೆಂಚ್ ಪದಗಳ ತುಣುಕುಗಳಿವೆ. ದಿನಬಳಕೆಗೆ ವೆಲ್ಕ್ರೊ ಎಂದೇ ಬರೆದರೆ ಅಡ್ಡಿಯಿಲ್ಲ. ಆದರೆ ಸೂಚನೆಯಲ್ಲಿ ಎರಡು ಪಟ್ಟಿಗಳನ್ನು ಬೇರೆ ಬೇರೆಯಾಗಿ ಹೆಸರಿಸಲೇಬೇಕು, ಏಕೆಂದರೆ ಒರಟು ಪಟ್ಟಿ ಒಳಮುಖವಾಗಿ ಕಾಗದಕ್ಕೆ ತಾಗುವ ಕಡೆ ಬಂದರೆ ಹಾಳೆಯ ಅಂಚು ಸಿಕ್ಕಿ ಹರಿಯುತ್ತದೆ. ‘ಕೊಕ್ಕೆಪಟ್ಟಿ’, ‘ಕುಣಿಕೆಪಟ್ಟಿ’ ಎಂಬವು ಈ ಕೆಲಸಕ್ಕೆ ಸರಿಹೊಂದುತ್ತವೆ ಎಂದು ನನ್ನ ಸೂಚನೆ.

ಕೊನೆಯದಾಗಿ ಒಂದು ಪದ ನನಗೆ ಇನ್ನೂ ಬೇಕಾಗಿದೆ. ಹೊಲಿಗೆಯ ಗೆರೆಗೂ ಬಟ್ಟೆಯ ಕತ್ತರಿಸಿದ ಅಂಚಿಗೂ ನಡುವೆ ಬಿಡುವ ಆ ಒಂದು ಸೆಂಟಿಮೀಟರಿಗೆ ದರ್ಜಿಗಳು ‘ಮಾರ್ಜಿನ್’ ಎನ್ನುತ್ತಾರೆ, ಬಟ್ಟೆ ಕೊಡಲು ಹೋದವರು ‘ಒಳಗೆ ಸ್ವಲ್ಪ ಬಟ್ಟೆ ಬಿಡಿ’ ಎನ್ನುತ್ತಾರೆ. ಎರಡನೆಯದು ಅಪ್ಪಟ ಕನ್ನಡದ ನುಡಿಗಟ್ಟು, ಆದರೆ ಅದು ವಾಕ್ಯ, ಹೆಸರಲ್ಲ. ಅಳತೆಯ ಪಟ್ಟಿಯಲ್ಲಿ ಅದನ್ನು ಬರೆಯಲಾಗದು. ‘ಹೊಲಿಗೆಬಿಡುವು’ ಎಂದರೆ ಹೊಲಿಯುವವರಿಗೆ ಸಿಕ್ಕ ವಿರಾಮದಂತೆ ಕೇಳುತ್ತದೆ, ‘ಹೊಲಿಗೆಯಂಚು’ ಎಂದರೆ ಹೊಲಿದಾದ ಅಂಚು ಎಂದು ತೋರುತ್ತದೆ. ಹೊಲಿಗೆಯ ಕೆಲಸದಲ್ಲಿ ಇರುವವರು, ಅಥವಾ ಅವರ ಮನೆಯವರು, ಇದಕ್ಕೆ ತಾವು ಆಡುವ ಒಂಟಿ ಪದವೇನಾದರೂ ಇದ್ದರೆ ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಬೇಕು.