ನೀರಗಂಟಿ ಅನ್ನೋ ಅಡ್ಡಹೆಸರು: ಮೂಲ ಏನು, ಇಷ್ಟು ಕಡಿಮೆ ಯಾಕ?

ಗಂಗಾವತಿ_ಸೋನಾ

ಎಲ್ಲಾರಿಗೂ ನಮಸ್ಕಾರ. ನಮ್ಮ ಮನೆತನದ ಅಡ್ಡಹೆಸರು ನೀರಗಂಟಿ. ಊರು ಗಂಗಾವತಿ ತಾಲೂಕಿನಾಗ, ಆನೆಗೊಂದಿ ಕಾಲುವಿ ಮಗ್ಗಲ. ಕುಲಕರ್ಣಿ, ದೇಸಾಯಿ, ಬಡಿಗೇರ, ತಳವಾರ ಅಂದ್ರ ಯಾರಿಗಾದರೂ ತಿಳಿತೈತಿ. ನೀರಗಂಟಿ ಅಂದ ಕೂಡಲೇ “ಗಂಟಿ ಹೊಡೆಯೋರೇನ್ರಿ?” ಅಂತ ಕೇಳ್ತಾರ. ಈ ಹೆಸರು ಎಲ್ಲಿಂದ ಬಂತು, ಬ್ಯಾರೆ ಊರಾಗ ಯಾಕ ಸಿಗಂಗಿಲ್ಲ, ಹಿಂದಿನ ತಲೆಮಾರು ಹುಡುಕಬೇಕಂದ್ರ ಯಾವ ಕಾಗದ ನೋಡಬೇಕು? ಮನಿಯಾಗಿನ ದಾಖಲೆದಾಗ ಒಂದ ಕಡೆ ನೀರಗಂಟಿ, ಒಂದ ಕಡೆ ನೀರ್ಗಂಟಿ, ಇನ್ನೊಂದ ಕಡೆ ನೀರಘಂಟಿ ಅಂತ ಐತಿ.

ಕೆರೆ_ಏರಿ

ಇದು ಹುದ್ದೆಯಿಂದ ಬಂದ ಹೆಸರು. ಊರಿನ ಹನ್ನೆರಡು ಮಂದಿ ಆಯಗಾರರಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ಬಡಿಗ, ಕಮ್ಮಾರರ ಸಾಲಿನಲ್ಲೇ ನೀರಗಂಟಿಯೂ ಬರ್ತಾನೆ. ಕೆರೆ ಅಥವಾ ಕಾಲುವೆ ನೀರನ್ನು ಗದ್ದೆಗಳಿಗೆ ಹಂಚೋದು ಅವನ ಕೆಲಸ. ತೂಬು ಎತ್ತೋದು, ಇಳಿಸೋದು, ಯಾರ ಪಾಳಿ ಯಾವ ಹೊತ್ತಿಗೆ ಮುಗಿಯುತ್ತೆ ಅಂತ ನೋಡೋದು, ಪಾಳಿ ಇಲ್ಲದೇ ಬದು ಕಡಿದು ನೀರು ತಿರುಗಿಸಿಕೊಂಡವರನ್ನ ಹಿಡಿಯೋದು, ಮಳೆಗಾಲದಲ್ಲಿ ಏರಿ ಎಲ್ಲಾದ್ರೂ ಜಿನುಗುತ್ತಿದ್ಯಾ ಅಂತ ಕಾಯೋದು. ಮೇಲಿನ ಗದ್ದೆಯವರಿಗೂ ಕೊನೇ ಭಾಗದವರಿಗೂ ಜಗಳ ಬಂದಾಗ ಇಬ್ಬರ ಬೈಗುಳಾನೂ ಅವನಿಗೇ. ಇದಕ್ಕೆ ಪ್ರತಿಯಾಗಿ ಸುಗ್ಗಿ ಕಾಲಕ್ಕೆ ಕಣದಲ್ಲಿ ಕಾಳಿನ ಪಾಲು, ಅಂದ್ರೆ ಆಯ, ಸಿಗ್ತಿತ್ತು. ಹಲವು ಊರುಗಳಲ್ಲಿ ಅದರ ಜೊತೆ ಒಂದು ತುಂಡು ಮಾನ್ಯದ ಹೊಲವೂ, ಅಂದ್ರೆ ಹುದ್ದೆಗೆ ಅಂತ ಬಿಟ್ಟ ಇನಾಮು ಹೊಲವೂ, ಇರ್ತಿತ್ತು. ಕೆಲಸ ಅಪ್ಪನಿಂದ ಮಗನಿಗೆ ಬರ್ತಿದ್ದರಿಂದ ಹುದ್ದೆಯ ಹೆಸರೇ ಮನೆತನಕ್ಕೆ ನಿಂತುಬಿಡ್ತು.

ಗಂಟೆಗೂ ಇದಕ್ಕೂ ನಂಟು ಹಚ್ಚೋದು ಬೇಡ. ಇದೇ ಕೆಲಸದವನಿಗೆ ತಮಿಳಿನಲ್ಲಿ ನೀರ್‌ಕಟ್ಟಿ ಅಂತಾರೆ, ತೆಲಂಗಾಣದ ಹಳ್ಳಿಗಳಲ್ಲಿ ನೀರಡಿ ಅಂತಾರೆ. ಅಲ್ಲೆಲ್ಲೂ ಗಂಟೆ ಇಲ್ಲ. ‘ಘ’ ಅಕ್ಷರ ಬರೆಯೋರ ಕೈಯಲ್ಲಿ ಸೇರಿಕೊಂಡಿದ್ದು ಅಂತ ನನ್ನ ಲೆಕ್ಕ.

ಕಡಿಮೆ ಯಾಕೆ ಅಂದ್ರೆ, ತಳವಾರ ಪ್ರತಿ ಊರಿಗೂ ಬೇಕು, ನೀರಗಂಟಿ ಬೇಕಾಗೋದು ನೀರಾವರಿ ಇದ್ದ ಊರಿಗೆ ಮಾತ್ರ. ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಮಳೆ ನಂಬಿದ ಹೊಲಗಳಲ್ಲಿ ಹಂಚೋಕೆ ನೀರೆಲ್ಲಿತ್ತು? ಅಂಥ ಕಡೆ ದೊಡ್ಡ ಕೆರೆ ಇದ್ದ ಊರಲ್ಲಷ್ಟೇ ಹುಡುಕಬೇಕು. ತುಂಗಭದ್ರೆಯ ಎರಡೂ ದಂಡೆಯಲ್ಲಾದ್ರೆ ವಿಜಯನಗರ ಕಾಲದ ಕಾಲುವೆಗಳಿವೆ. ಎಡಕ್ಕೆ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ. ಬಲಕ್ಕೆ ರಾಯ, ಬಸವ, ತುರ್ತಾ, ರಾಮಸಾಗರ, ಕಂಪ್ಲಿ, ಸಿರುಗುಪ್ಪ. ಈ ಹೆಸರು ಹುಡುಕೋಕೆ ಮೊದಲು ನೋಡಬೇಕಾದ ಜಾಗ ಈ ಕಾಲುವೆ ಸಾಲಿನ ಹಳ್ಳಿಗಳೇ. ನಿಮ್ಮ ಊರು ಸರಿಯಾಗಿ ಅಲ್ಲೇ ಇದೆ.

ಒಂದು ಎಚ್ಚರಿಕೆ. ಕೆರೆ ಕಟ್ಟಿಸಿದವರಿಗೆ, ಕೆರೆ ನೋಡಿಕೊಂಡವರಿಗೆ ಕಟ್ಟುಕೊಡಗೆ, ದಶವಂದ ಅಂತ ಭೂಮಿ ಬಿಟ್ಟ ಶಾಸನಗಳು ಈ ಭಾಗದಲ್ಲಿ ಸಿಗ್ತವೆ. ಅದನ್ನ ಓದಿ “ಇವರೇ ನಮ್ಮ ಮೂಲಪುರುಷರು” ಅನ್ನಬೇಡಿ. ಶಾಸನದಿಂದ ಪದ್ಧತಿ ಗೊತ್ತಾಗುತ್ತೆ, ನಿಮ್ಮ ವಂಶ ಗೊತ್ತಾಗಲ್ಲ.

ಅಭಿಲೇಖಾಲಯ

ದಾಖಲೆ ಹುಡುಕೋ ಕ್ರಮ ಹೇಳ್ತೀನಿ. ಹೆಸರು ಹಿಡಿದು ಹೋದ್ರೆ ಏನೂ ಸಿಗಲ್ಲ, ಹೊಲ ಹಿಡಿದು ಹೋಗಿ. ಹಳೇ ಪಹಣಿಗಳಲ್ಲಿ ಬಹಳ ಸಲ ‘ಹನುಮಪ್ಪ ತಂದೆ ಯಂಕಪ್ಪ’ ಅಂತ ಬರೆದು ಅಡ್ಡಹೆಸರು ಬಿಟ್ಟಿರ್ತಾರೆ. ಸರ್ವೆ ನಂಬರ್ ಮಾತ್ರ ಸಾಮಾನ್ಯವಾಗಿ ತಪ್ಪಲ್ಲ. ಹಿಸ್ಸಾ (ಪಾಲು) ಆಗಿದ್ರೂ ಮೂಲ ನಂಬರ್ ಉಳಿದಿರುತ್ತೆ.

ಮೊದಲು ಈಗಿನ ಪಹಣಿ ತೆಗೆಸಿ. ಕಾಲಂ 9ರಲ್ಲಿ ಖಾತೆದಾರರ ಹೆಸರು, 10ರಲ್ಲಿ ಹೊಲ ಹೇಗೆ ಬಂತು ಅನ್ನೋದು ಮತ್ತು ಎಂ.ಆರ್. ನಂಬರ್ (ಮ್ಯುಟೇಶನ್ ಅಂದ್ರೆ ಖಾತೆ ಬದಲಾವಣೆಯ ರಿಜಿಸ್ಟರ್ ನಂಬರ್), 11ರಲ್ಲಿ ಇತರೆ ಹಕ್ಕು ಮತ್ತು ಋಣ ಇರುತ್ತೆ. 10ರಲ್ಲಿರೋ ಎಂ.ಆರ್. ಹಿಡಿದು ಒಂದೊಂದೇ ಮ್ಯುಟೇಶನ್ ಹಿಂದಕ್ಕೆ ಹೋಗಿ. ಸರ್ಕಾರದ ಭೂದಾಖಲೆಯ ‘ಭೂಮಿ’ ತಂತ್ರಾಂಶದಲ್ಲಿ ಸಿಗೋದು ಹೆಚ್ಚೂಕಮ್ಮಿ 2000ದ ಈಚೆಗಿನದು. ಅದಕ್ಕೂ ಹಿಂದಿನ ಕೈಬರಹದ ಪಹಣಿಗೆ ತಹಶೀಲ್ದಾರ್ ಕಚೇರಿಯ ಅಭಿಲೇಖಾಲಯದಲ್ಲಿ ನಕಲು ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಸರ್ವೆ ನಂಬರ್, ಬೇಕಾದ ವರ್ಷ ನಾಲ್ಕೂ ಬರೀರಿ. “ಹಳೇ ದಾಖಲೆ ಎಲ್ಲಾ ಕೊಡಿ” ಅಂತ ಬರೆದ್ರೆ ಲಭ್ಯವಿಲ್ಲ ಅಂತ ಹಿಂಬರಹ ಬರೋದೇ ಹೆಚ್ಚು.

ಎಲ್ಲಕ್ಕಿಂತ ಉಪಯೋಗ ಆಗೋದು ರೀಗ್ರಾಂಟ್ (ಮರುಮಂಜೂರು) ಕಡತ. ಕರ್ನಾಟಕ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1961ರದ್ದು, ಜಾರಿಗೆ ಬಂದಿದ್ದು 1963ರ ಫೆಬ್ರುವರಿ 1ಕ್ಕೆ. ವಂಶಪಾರಂಪರ್ಯದ ಹುದ್ದೆಗಳೆಲ್ಲ ಅವತ್ತಿಗೆ ಹೋದವು. ಹುದ್ದೆಗೆ ಅಂಟಿಕೊಂಡಿದ್ದ ಇನಾಮು ಜಮೀನನ್ನ ಹುದ್ದೆದಾರರಿಗೇ ಮರುಮಂಜೂರು ಮಾಡೋಕೆ ಅರ್ಜಿ ಹಾಕಬೇಕಿತ್ತು. ಆ ಅರ್ಜಿಯ ಜೊತೆ ಯಾವ ಹುದ್ದೆ, ಯಾರು ಯಾರ ಮಗ ಅನ್ನೋ ವಂಶವೃಕ್ಷ, ಹೇಳಿಕೆ ಎಲ್ಲಾ ಇರೋ ಸಾಧ್ಯತೆ ಹೆಚ್ಚು. ನಿಮ್ಮ ಮನೆತನಕ್ಕೆ ಮಾನ್ಯದ ಹೊಲ ಇತ್ತು ಅಂತಾದ್ರೆ ಇದನ್ನೇ ಮೊದಲು ಕೇಳಿ.

ಇನ್ನೂ ಹಿಂದಕ್ಕೆ ಹೋಗೋಕೆ ಊರು ಯಾರ ಆಳ್ವಿಕೆಯಲ್ಲಿತ್ತು ಅನ್ನೋದು ಮುಖ್ಯ. ಬಳ್ಳಾರಿ 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತು, 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಲೆಕ್ಕ. ಅಲ್ಲಿ ಅಡಂಗಲ್ (ಊರಿನ ಹೊಲ, ಬೆಳೆಯ ಲೆಕ್ಕ), ಇನಾಂ ರಿಜಿಸ್ಟರ್, ಟಿ.ಡಿ. (ಇನಾಮಿನ ಹಕ್ಕುಪತ್ರ) ನಂಬರ್ ಅಂತ ಹುಡುಕಬೇಕು. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮನ ಕೈಯಲ್ಲಿದ್ದವು, 1956ರವರೆಗೂ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿ ಸೇತ್ವಾರ್ (ಸರ್ವೆ ನಂಬರ್‌ಗಳ ಮೂಲ ಪಟ್ಟಿ), ಖಾಸ್ರಾ ಪಹಣಿ 1954-55, ಇನಾಮು ಇದ್ರೆ ಮುಂತಖಬ್ (ಇನಾಮಿನ ಮಂಜೂರಿ ಪತ್ರ). ಕೊಪ್ಪಳ ಸಾಲಾರ್ ಜಂಗ್ ಜಾಗೀರು, ಆನೆಗೊಂದಿ ಬೇರೆ ಸಂಸ್ಥಾನ. ನಿಮ್ಮ ಊರು ಯಾವುದಕ್ಕೆ ಸೇರಿತ್ತು ಅಂತ ಖಚಿತ ಮಾಡಿಕೊಳ್ಳಿ. ಜಾಗೀರು ರದ್ದಾಗಿದ್ದು 1949ರಲ್ಲಿ, ಅದಕ್ಕೂ ಹಿಂದಿನ ಲೆಕ್ಕ ಆಯಾ ಜಾಗೀರದಾರರ ಕಚೇರಿಯದ್ದು.

ಎಡವೋದು ಎರಡು ಕಡೆ. ನಿಜಾಮನ ಕಾಲದ ದಾಖಲೆ ಉರ್ದು ಓಡುಬರಹದಲ್ಲಿರುತ್ತೆ, ಅಂಕಿಯನ್ನೂ ರಖಂ ಅನ್ನೋ ಲೆಕ್ಕದ ಗುರುತುಗಳಲ್ಲಿ ಬರೆದಿರ್ತಾರೆ. ಪುಸ್ತಕದ ಉರ್ದು ಬಲ್ಲವರಿಗೂ ಅದು ದಕ್ಕಲ್ಲ, ಕಚೇರಿ ದಾಖಲೆ ಓದಿ ಅಭ್ಯಾಸ ಇರೋರನ್ನೇ ಹಿಡೀಬೇಕು. ಎರಡನೇದು ವರ್ಷ. ಹಳೇ ಕಾಗದದಲ್ಲಿ ಫಸಲಿ, ಅಂದ್ರೆ ಕಂದಾಯ ಲೆಕ್ಕದ ವರ್ಷ, ಇರುತ್ತೆ; ಅದಕ್ಕೆ 590 ಕೂಡಿಸಿದ್ರೆ ಇಸವಿ ಸಿಗುತ್ತೆ: 1357 ಫಸಲಿ ಅಂದ್ರೆ 1947-48. ಫಸಲಿ ವರ್ಷ ಮದ್ರಾಸ್ ಕಡೆ ಜುಲೈಗೆ, ನಿಜಾಮನ ಕಡೆ ಅಕ್ಟೋಬರಿಗೆ ಶುರು ಆಗ್ತಿದ್ದರಿಂದ ಒಂದು ವರ್ಷ ಆಚೆಈಚೆ ಆಗಬಹುದು. ಹಿಂದಿನ, ಮುಂದಿನ ವರ್ಷದ ನಕಲನ್ನೂ ಸೇರಿಸಿ ಕೇಳಿ.

ಬಳ್ಳಾರಿ_ಬಿಸಿಲು

ಕಡಿಮೆ ಅಂತ ಕಾಣೋಕೆ ಇನ್ನೊಂದು ಕಾರಣ ಇದೆ. ಕೊಪ್ಪಳ, ರಾಯಚೂರು ಕಡೆ ಅಡ್ಡಹೆಸರು ಕೊನೆಗೆ ಬರುತ್ತೆ: ಬಸವರಾಜ ರಾಯರಡ್ಡಿ, ಬಸವರಾಜ ದಢೇಸೂಗೂರು. ಬಳ್ಳಾರಿಯಲ್ಲಿ ತೆಲುಗರ ಪದ್ಧತಿ ಹಾಗೆ ಮನೆಹೆಸರು ಇನಿಷಿಯಲ್ ಆಗಿ ಮುಂದೆ ಕೂರುತ್ತೆ. ಜಿ. ಜನಾರ್ದನ ರೆಡ್ಡಿ ಅಂದ್ರೆ ಗಾಲಿ. ಅಂದ್ರೆ ಸಿರುಗುಪ್ಪ, ಕಂಪ್ಲಿ ಕಡೆ ‘ಎನ್. ಹನುಮಂತಪ್ಪ’ ಅಂತಿರೋರಲ್ಲಿ ಕೆಲವರು ನೀರಗಂಟಿ ಮನೆಯವರೇ ಇರಬಹುದು, ಮತದಾರರ ಪಟ್ಟಿ ನೋಡಿದ್ರೆ ಗೊತ್ತಾಗಲ್ಲ. ಶಾಲೆಯ ದಾಖಲಾತಿ ರಿಜಿಸ್ಟರ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ರೆ ಮಾತ್ರ ತಿಳಿಯುತ್ತೆ.

ಅಡ್ಡಹೆಸರು ಎಣಿಸೋ ವೆಬ್‌ಸೈಟ್‌ಗಳ ಅಂಕಿ ನಂಬಬೇಡಿ. ಅವು ಇಂಗ್ಲಿಷ್ ಕಾಗುಣಿತದ ಮೇಲೆ ಎಣಿಸ್ತವೆ. ‘ನೀ’ಗೆ ಒಬ್ಬರು ಎರಡು ಇ ಹಾಕ್ತಾರೆ, ಒಬ್ಬರು ಐ ಹಾಕ್ತಾರೆ, ‘ಗ’ಗೆ ಎಚ್ ಸೇರಿಸ್ತಾರೆ, ಒಂದೇ ಮನೆತನ ನಾಲ್ಕು ಹೆಸರಾಗಿ ಒಡೆದುಹೋಗುತ್ತೆ.

ಗಂಗಾವತಿ_ಸೋನಾ

ಭಾಳ ಉಪಕಾರ ಆತ್ರಿ ಎಲ್ಲಾರಿಂದ. ಇನ್ನ ಎರಡು ಕೇಳ್ತೀನಿ. ಈ ಹೆಸರಿನ್ಯಾಗಿಂದ ಜಾತಿ ಗೊತ್ತಾಗತೈತೇನು? ಎಲ್ಲಾ ದಾಖಲೆದಾಗ ಒಂದ ಕಾಗುಣಿತ ಮಾಡ್ಸೋದು ಚಲೋನೋ?

ಅಭಿಲೇಖಾಲಯ

ಗೊತ್ತಾಗಲ್ಲ. ಒಂದೊಂದು ಊರಲ್ಲಿ ಒಂದೊಂದು ಸಮುದಾಯದವರು ಈ ಕೆಲಸ ಮಾಡಿದಾರೆ. ಅಡ್ಡಹೆಸರು ಒಂದೇ ಅಂತ ಇನ್ನೊಂದು ಊರಿನವರ ಜಾತಿ ಪ್ರಮಾಣಪತ್ರದ ನಕಲು ತಂದು ಜೋಡಿಸಬೇಡಿ, ನಿಲ್ಲಲ್ಲ. ನಿಮ್ಮ ತಂದೆ, ಅಜ್ಜನ ಶಾಲಾ ದಾಖಲೆಯೇ ಬೇಕು.

ಕಾಗುಣಿತಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನ ಆಧಾರ ಇಟ್ಟುಕೊಳ್ಳಿ, ಉಳಿದಿದ್ದನ್ನ ಅದಕ್ಕೆ ಹೊಂದಿಸಿ. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಎರಡೇ ಸಲ ಅವಕಾಶ, ದುಡುಕಬೇಡಿ. ಹಳೇ ಪಹಣಿ, ರೀಗ್ರಾಂಟ್ ಆದೇಶದಲ್ಲಿ ಇರೋದನ್ನ ತಿದ್ದಿಸೋಕೆ ಹೋಗಲೇಬೇಡಿ. ಅದು ಇದ್ದಂಗೆ ಇರಲಿ, ಎರಡೂ ಹೆಸರು ಒಬ್ಬರದ್ದೇ ಅಂತ ಒಂದು ಅಫಿಡವಿಟ್ ಮಾಡಿಸಿ ಜೊತೆಗಿಡಿ.