ಹಾರಂಗಿಯೋ ಚಿಕ್ಲಿಹೊಳೆಯೋ? ಹೋಗಿ ಬಂದವರು ಹೇಳಿ

ಆಗಸ್ಟ್‌ನಲ್ಲಿ ಕುಶಾಲನಗರದಲ್ಲಿ ಎರಡು ದಿನ ಇರ್ತೀವಿ. ಜೊತೆಗೆ ಅಮ್ಮ (ಮಂಡಿನೋವು), ಇಬ್ಬರು ಮಕ್ಕಳು. ಮಕ್ಕಳಿಗೆ ನೀರಲ್ಲಿ ಆಡಲೇಬೇಕಂತೆ. ಈ ಎರಡು ಡ್ಯಾಂಗಳಲ್ಲಿ ಎಲ್ಲಿ ಇಳಿಸಬಹುದು?

ಸುಂಟಿಕೊಪ್ಪದಿಂದ: ಎರಡರಲ್ಲೂ ಇಳಿಸಬೇಡಿ ಅಕ್ಕ. ನೋಡೋಕೆ ಮಾತ್ರ ಹೋಗಿ. ಹಾರಂಗಿ ಹಿಡಿಯೋದು 8.5 ಟಿಎಂಸಿ ಅಷ್ಟೇ. ಕಾವೇರಿ ಕೊಳ್ಳದಲ್ಲಿ ಸಾಮಾನ್ಯವಾಗಿ ಬೇಗ ತುಂಬೋ ಡ್ಯಾಂ ಇದು. ನೀರು ಪೂರ್ತಿ ಮಟ್ಟ 2,859 ಅಡಿ ಹತ್ತಿರ ಬಂದಿದ್ದಾಗ, ಹಾರಂಗಿಗೆ ನೀರು ಬರೋ ಪುಷ್ಪಗಿರಿ ಬೆಟ್ಟದ ಕಡೆ ಒಂದು ರಾತ್ರಿ ಮಳೆ ಜೋರಾಗಿ ಹೊಡೆದರೂ ಗೇಟ್ ಎತ್ತುತ್ತಾರೆ. ಇಲ್ಲಿ ಬಿಸಿಲಿದೆ, ನದಿ ಸುಮ್ಮನಿದೆ ಅಂತ ನಂಬಿ ಕೆಳಗೆ ಹೊಳೆದಂಡೆಯಲ್ಲಿ ಕೂರಬಾರದು. ಆ ನೀರೆಲ್ಲ ಕೂಡಿಗೆಯಲ್ಲಿ ಕಾವೇರಿಗೆ ಸೇರೋದು, ಅಲ್ಲಿಯ ದಂಡೆಗೂ ಇದೇ ಮಾತು. ಹೊರಡೋ ದಿನ ಬೆಳಿಗ್ಗೆ ಪೇಪರ್‌ನಲ್ಲಿ ಹಾರಂಗಿ ಒಳಹರಿವು, ಹೊರಹರಿವು ಎಷ್ಟಿದೆ ನೋಡ್ಕೊಳ್ಳಿ. ಊರವರೂ ಅದನ್ನೇ ನೋಡೋದು.

ನಂಜರಾಯಪಟ್ಟಣದಿಂದ: ನನ್ನ ವೋಟು ಚಿಕ್ಲಿಹೊಳೆಗೆ. ಚಿಕ್ಕದು, ಕಾಲು ಟಿಎಂಸಿಯೂ ಇಲ್ಲ. ಆದ್ರೆ ತುಂಬಿದಾಗ ಆ ದುಂಡು ಕೋಡಿಯ ಸುತ್ತಲೂ ನೀರು ಒಂದೇ ಸಮ ಒಳಗೆ ಜಾರಿ ಬೀಳೋದು ನೋಡಬೇಕು ಮಾರಾಯ್ರೆ, ಅಂಚಲ್ಲಿ ಗಾಜಿನಷ್ಟು ತೆಳ್ಳಗೆ, ಕೆಳಗೆ ಹೋದ ಮೇಲೆ ಬರೀ ನೊರೆ. ಅಂಚಿನ ಕಲ್ಲು ಪಾಚಿ ಹಿಡಿದಿರುತ್ತೆ, ಸೆಲ್ಫಿಗೆ ಅಂತ ಅಲ್ಲಿಗೆ ಹೋಗೋರನ್ನ ಕಂಡ್ರೆ ನನಗೆ ಮೈ ಉರಿಯುತ್ತೆ. ಪಕ್ಕದಲ್ಲೇ ಮೀನುಕೊಲ್ಲಿ ಕಾಡು. ಐದೂವರೆ ಒಳಗೆ ಹೊರಟುಬಿಡಿ, ಕತ್ತಲಾದ್ರೆ ರಸ್ತೆ ಆನೆಗಳದ್ದು.

ಕೇಳಿದವರು: ಹಾಗಾದ್ರೆ ಮಳೆ ಬೇಡ, ಮಾರ್ಚ್‌ಗೆ ಬಂದ್ರೆ? ಆಗ ನೀರು ಕಮ್ಮಿ ಇರುತ್ತಲ್ಲ?

ಸೋಮವಾರಪೇಟೆಯಿಂದ: ಹಿನ್ನೀರಿನ ಕಡೆ ಆಗಲೇ ಹೆಚ್ಚು ಹುಷಾರಾಗಿರಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಾದಾಪುರ, ಹಟ್ಟಿಹೊಳೆ ಕಡೆಯ ಮಣ್ಣು ಮರ ಎಲ್ಲ ಕೊಚ್ಚಿಕೊಂಡು ಹಾರಂಗಿಗೇ ಬಂತು. ನೀರು ಇಳಿದ ಮೇಲೆ ದಂಡೆ ಒಣಗಿ ಬಿರುಕು ಬಿಟ್ಟು ಗಟ್ಟಿ ನೆಲದ ಹಾಗೆ ಕಾಣುತ್ತೆ. ಒಂದು ಕೋಲು ಚುಚ್ಚಿ ನೋಡಿ, ಮೊಳದುದ್ದ ಸಲೀಸಾಗಿ ಒಳಗೆ ಇಳಿಯುತ್ತೆ, ಕೀಳುವಾಗ ಕಷ್ಟ. ದನ ಹೋದ ಜಾಡು ಬಿಟ್ಟು ಊರವರೇ ಹೆಜ್ಜೆ ಇಡಲ್ಲ. ಮಕ್ಕಳಿಗೆ ಅಲ್ಲಿ ಏನು ಆಟ?

ಮಡಿಕೇರಿಯಿಂದ: ಯಾರಾದ್ರೂ ಕೂಟುಹೊಳೆ ಹೆಸರು ಹೇಳಿದ್ರೆ ಅಲ್ಲಿಗೂ ಈಜೋಕೆ ಹೋಗಬೇಡಿ, ನಮ್ಮೂರಿನ ನಲ್ಲಿಗೆ ಬರೋ ನೀರು ಅದು. ದುಬಾರೆಯ ರಾಫ್ಟಿಂಗ್ ನಡೆಯೋದು ಮಳೆಗಾಲದಲ್ಲೇ, ನೀರು ಜಾಸ್ತಿಯಾದ್ರೆ ನಿಲ್ಲಿಸ್ತಾರೆ. ಮಕ್ಕಳ ವಯಸ್ಸು ಹೇಳಿ ಮೊದಲೇ ವಿಚಾರಿಸಿ. ಅಮ್ಮನನ್ನು ದುಬಾರೆಗೆ ಎಳೆಯಬೇಡಿ, ಮಳೆಗೆ ಮೆಟ್ಟಿಲು ಜಾರುತ್ತೆ. ಹಾರಂಗಿಯ ಪಾರ್ಕ್ ಕಡೆ ಕೂರಿಸಿ, ಅಲ್ಲಿಯೇ ಸಾಕಾನೆ ಶಿಬಿರವೂ ಇದೆ.

ಕೇಳಿದವರು: ದೊಡ್ಡವನಿಗೆ ಹನ್ನೆರಡು, ಚಿಕ್ಕವಳಿಗೆ ಏಳು. ಸರಿ, ಆಗಸ್ಟ್‌ಗೇ ಬರ್ತೀವಿ. ಈಜುಡುಗೆ ಬಿಟ್ಟು ರೇನ್‌ಕೋಟ್ ತರ್ತೀನಿ.

ಸುಂಟಿಕೊಪ್ಪದಿಂದ: ಒಂದು ಪೊಟ್ಟಣ ಉಪ್ಪೂ ಇರಲಿ ಅಕ್ಕ, ಹುಲ್ಲಿಗೆ ಕಾಲಿಟ್ರೆ ಜಿಗಣೆ.