ಆಂಪ್‌ಗೆ ಬೇರೆ ಕಂಪನಿ ಫುಟ್‌ಸ್ವಿಚ್ ಹಾಕಿದವರು ಅನುಭವ ಹೇಳಿ (ದಾವಣಗೆರೆ ಕಡೆಯವರು)

ವಿದ್ಯಾನಗರ ಗಿಟಾರ್:
ಎರಡು ಚಾನೆಲ್‌ನ (ಕ್ಲೀನ್, ಡಿಸ್ಟಾರ್ಷನ್) ಗಿಟಾರ್ ಆಂಪ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಚಾನೆಲ್ ಬದಲಿಸಲು ಕಾಲಲ್ಲಿ ಒತ್ತೋ ಫುಟ್‌ಸ್ವಿಚ್ ಬರಲಿಲ್ಲ. ಕಂಪನಿಯದೇ ಬೇಕೆಂದರೆ 4,800 ಅಂತೆ. ಅದಕ್ಕೆ 850ರದ್ದೊಂದು ತರಿಸಿ ಚುಚ್ಚಿದೆ. ಒತ್ತಿ ಹಿಡಿದಷ್ಟು ಹೊತ್ತು ಡಿಸ್ಟಾರ್ಷನ್, ಕಾಲು ತೆಗೆದರೆ ಮತ್ತೆ ಕ್ಲೀನ್. ಭಾನುವಾರ ರಿಸೆಪ್ಷನ್ ಒಂದಕ್ಕೆ ನುಡಿಸಬೇಕು. ಸೋಲೋ ಪೂರ್ತಿ ಒಂಟಿಕಾಲಲ್ಲಿ ನಿಲ್ಲೋಕಾಗಲ್ಲ. ಏನು ಮಾಡಲಿ?

ಹದಡಿ ರೋಡ್ ಹಂಬಕರ್:
ಅಯ್ಯೋ, ಈ ವಿಷಯದಲ್ಲಿ ನನ್ನಷ್ಟು ದುಡ್ಡು ಯಾರೂ ಕಳೆದುಕೊಂಡಿಲ್ಲ. ಎರಡು ಗುಂಡಿಯ ಫುಟ್‌ಸ್ವಿಚ್ 1,350, ಕೊರಿಯರ್ 120. ಚಾನೆಲ್ ಬದಲಾಯಿತು, ಆದರೆ ರಿವರ್ಬ್ (ಪ್ರತಿಧ್ವನಿಯ ಎಫೆಕ್ಟ್) ಸತ್ತೇ ಹೋಯಿತು. ನಾಬ್ ಹತ್ತಕ್ಕೆ ತಿರುಗಿಸಿದರೂ ಉಸಿರಿಲ್ಲ. ರಿವರ್ಬ್ ಕೊಡೋ ಸ್ಪ್ರಿಂಗ್ ಟ್ಯಾಂಕ್ ಹೋಗಿದೆ ಅಂದರು ರಿಪೇರಿಯವರು. ಹೊಸ ಟ್ಯಾಂಕ್ 2,900, ಕೂಲಿ 600. ಹಾಕಿಸಿ ತಂದೆ, ಆಗಲೂ ಇಲ್ಲ! ಮೂರು ವಾರ ಆದಮೇಲೆ ಗೊತ್ತಾಯಿತು, ನಾನು ಮಾಮೂಲಿ ಗಿಟಾರ್ ಕೇಬಲ್ ಹಾಕಿದ್ದೆ. ಎರಡು ಗುಂಡಿ ಇದ್ದರೆ ಸ್ಟೀರಿಯೋ ಕೇಬಲ್ ಬೇಕು, ಪಿನ್ ಮೇಲೆ ಎರಡು ಕಪ್ಪು ಗೆರೆ ಇರುತ್ತಲ್ಲ, ಅದು. ನನ್ನದರಲ್ಲಿ ಟಿಪ್ (ಪಿನ್ ತುದಿ) ಚಾನೆಲ್‌ಗೆ, ರಿಂಗ್ (ಎರಡು ಗೆರೆ ನಡುವಿನ ಭಾಗ) ರಿವರ್ಬ್‌ಗೆ. ಒಂದೇ ಗೆರೆಯ ಪಿನ್ ಚುಚ್ಚಿದರೆ ರಿಂಗ್ ಸೀದಾ ಗ್ರೌಂಡ್‌ಗೆ ತಾಗುತ್ತದೆ, ರಿವರ್ಬ್ ಸದಾ ಬಂದ್. ಕೇಬಲ್ 280. ಒಟ್ಟು 5,250. ಕಂಪನಿಯದೇ ಬರುತ್ತಿತ್ತು.

ದುರ್ಗದ ಟ್ಯೂಬ್:
ಅದಕ್ಕೇ ಒರಿಜಿನಲ್ ತಗೊಳ್ಳಿ ಅನ್ನೋದು. ನಾನು 5,200 ಕೊಟ್ಟು 41 ದಿನ ಕಾದೆ. ಎರಡು ವರ್ಷ ಆಯಿತು, ಒಂದು ದಿನ ಕೈಕೊಟ್ಟಿಲ್ಲ. ಮೊದಲು ನಾನೂ ಅಗ್ಗದ್ದು ತಂದಿದ್ದೆ, ಕೆಂಪು ಎಲ್‌ಇಡಿ ಇರೋದು. ಸ್ವಿಚ್‌ನಿಂದ ಹೋಗೋ ದಾರಿಯಲ್ಲೇ ಆ ಎಲ್‌ಇಡಿ ಕೂತಿತ್ತು. ಅದೇ 2 ವೋಲ್ಟ್ ಹತ್ತಿರ ತಿಂದರೆ ಗುಂಡಿ ಒತ್ತಿದ್ದು ಆಂಪ್‌ಗೆ ಗೊತ್ತಾಗೋದು ಹೇಗೆ? ಲೈಟ್ ಮಂಕಾಗಿ ಹತ್ತುತ್ತಿತ್ತು, ಚಾನೆಲ್ ಮಾತ್ರ ಅಲ್ಲೇ. ಹೊಳಲ್ಕೆರೆ ಕಡೆ ಒಂದು ಜಾತ್ರೆಯಲ್ಲಿ ಇಡೀ ರಾತ್ರಿ ಬಗ್ಗಿ ಬಗ್ಗಿ ಕೈಯಲ್ಲೇ ಬದಲಿಸಿದೆ. "ನಮಸ್ಕಾರ ಹಾಕೋ ಗಿಟಾರಿಸ್ಟ್" ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ.

ಮಂಡಿಪೇಟೆ ಡಬ್ಬಿ:
5,200 ಕೊಟ್ಟು ಹೆಮ್ಮೆ ಬೇರೆ! ಒಳಗಿರೋದು ಒಂದು ಸ್ವಿಚ್, ಒಂದು ಜಾಕ್. ನಾನು ಅಮ್ಮನ ಚಟ್ನಿಪುಡಿಯ ಸ್ಟೀಲ್ ಡಬ್ಬಿಗೆ ತೂತು ಕೊರೆದು ಮಾಡಿದ್ದೇನೆ. ಲ್ಯಾಚಿಂಗ್ ಸ್ವಿಚ್ (ಒಮ್ಮೆ ಒತ್ತಿದರೆ ಹಾಗೇ ನಿಲ್ಲೋದು) 90, ಜಾಕ್ 35, ವೈರ್ ಹಳೇ ಚಾರ್ಜರ್‌ದು. ಟಿಪ್‌ಗೊಂದು, ಸ್ಲೀವ್‌ಗೊಂದು (ಪಿನ್ ಬುಡದ ಭಾಗ, ಗ್ರೌಂಡ್) ವೈರ್, ಮುಗೀತು. ಮೂರು ಗಣಪತಿ ಹಬ್ಬ ಆಯಿತು. ಮೊದಲನೇ ಡಬ್ಬಿ ಅಲ್ಯೂಮಿನಿಯಂದು, ತುಳಿದ ಕೂಡಲೇ ಅಪ್ಪಚ್ಚಿ ಆಯಿತು, ಅದು ಬೇರೆ ಮಾತು.

ದುರ್ಗದ ಟ್ಯೂಬ್:
ಹೌದು, ಡಬ್ಬಿ ಕಟ್ಟಿಸಿ ಯಾರಿಗಾದರೂ ಶಾಕ್ ಹೊಡೆಸಿ.

ಮಂಡಿಪೇಟೆ ಡಬ್ಬಿ:
ಮೀಟರ್ ಇಟ್ಟೇ ನೋಡಿದ್ದೇನೆ ಸ್ವಾಮಿ. ನನ್ನ ಆಂಪ್‌ನ ಫುಟ್‌ಸ್ವಿಚ್ ಜಾಕ್‌ನಲ್ಲಿ 5 ವೋಲ್ಟ್. ದಾವಣಗೆರೆಯವರು ಕೇಳಿದ್ದಕ್ಕೆ ದುರ್ಗದವರಿಗೇಕೆ ಉರಿ?

ದುರ್ಗದ ಟ್ಯೂಬ್:
1997ರವರೆಗೆ ನೀವೂ ನಮ್ಮ ಜಿಲ್ಲೆಯವರೇ. ಬೆಣ್ಣೆ ದೋಸೆ ತಿಂದು ಮರೆತುಬಿಟ್ಟಿರಾ?

ಹದಡಿ ರೋಡ್ ಹಂಬಕರ್:
ಜಿಲ್ಲೆ ಬಿಡಿ ಮಾರಾಯ್ರೇ. ಟ್ಯೂಬ್ ಆಂಪ್ ಆಗಿದ್ದರೆ ಯಾರೂ ಆಂಪ್ ಬಿಚ್ಚಬೇಡಿ. ಒಳಗೆ 300 ವೋಲ್ಟ್ ಮೇಲೆ ಓಡುತ್ತದೆ, ಪ್ಲಗ್ ಕಿತ್ತಮೇಲೂ ಕೆಪಾಸಿಟರ್‌ನಲ್ಲಿ ಉಳಿದಿರುತ್ತದೆ. ಅಂದ ಹಾಗೆ ನನ್ನ ಹಳೇ ಸ್ಪ್ರಿಂಗ್ ಟ್ಯಾಂಕ್ ಚೆನ್ನಾಗೇ ಇದೆ. 1,500. ಯಾರಿಗಾದರೂ ಬೇಕಾ?

ಆರ್ಕೆಸ್ಟ್ರಾ ಕೀಬೋರ್ಡ್:
ನಮ್ಮ ಗಿಟಾರಿಸ್ಟ್ ನನ್ನ ಸಸ್ಟೇನ್ ಪೆಡಲ್ ಕಿತ್ತು ತನ್ನ ಆಂಪ್‌ಗೆ ಹಾಕಿಕೊಂಡಿದ್ದ, ಕೇಳದೆಯೇ. ಅದು ಮೊಮೆಂಟರಿ, ಕಾಲು ತೆಗೆದರೆ ಬಿಟ್ಟುಬಿಡುತ್ತದೆ. ಆಮೇಲೆ ಅಂಗಡಿಗೆ ಹೋಗಿ ಬಾಸ್ ಕಂಪನಿಯ ಎಫ್‌ಎಸ್-5ಯು ಫುಟ್‌ಸ್ವಿಚ್ ತಂದ. ಅದೂ ಮೊಮೆಂಟರಿಯೇ! ಲ್ಯಾಚಿಂಗ್ ಬೇಕಾದರೆ ಎಫ್‌ಎಸ್-5ಎಲ್. ನೋಡೋಕೆ ಅಣ್ಣತಮ್ಮ, ಒಂದಕ್ಷರ ವ್ಯತ್ಯಾಸ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನನ್ನ ಪೆಡಲ್ ಇನ್ನೂ ವಾಪಸ್ ಬಂದಿಲ್ಲ, ಇದನ್ನು ಅವನು ಓದುತ್ತಾನೆ ಅಂತ ಗೊತ್ತು.

ಮಂಡಿಪೇಟೆ ಡಬ್ಬಿ:
ಕೆಲವು ಹೊಸ ಆಂಪ್‌ಗಳಿಗೆ ಮೊಮೆಂಟರಿಯೇ ಬೇಕು, ಅದನ್ನೂ ಹೇಳಿ. ಸುಮ್ನೆ ಬೈಬೇಡಿ.

ವಿದ್ಯಾನಗರ ಗಿಟಾರ್:
850ರದ್ದನ್ನು ಬಿಚ್ಚಿದೆ. ಗುಂಡಿ ಒತ್ತಿದರೆ ನಿಲ್ಲುವುದೇ ಇಲ್ಲ, ಮೊಮೆಂಟರಿ. ಡಬ್ಬಿ ಅಣ್ಣ, ಸ್ವಿಚ್ ಒಂದೇ ಬದಲಿಸಿದರೆ ಆಗುತ್ತಾ? ಶನಿವಾರ ಬರಲಾ?

ಮಂಡಿಪೇಟೆ ಡಬ್ಬಿ:
ಆಗುತ್ತೆ, ಬನ್ನಿ. ಲ್ಯಾಚಿಂಗ್ ಸ್ವಿಚ್ ಒಂದು ಉಳಿದಿದೆ, 90 ಕೊಡಿ. ನಿಮ್ಮ ಪೆಟ್ಟಿಗೆಗೆ ಹಿಡಿಸದಿದ್ದರೆ ಡಬ್ಬಿ ನೀವೇ ತರಬೇಕು. ನಮ್ಮಮ್ಮ ಈಗ ಎಣಿಸಿ ಇಡುತ್ತಾರೆ.